ಅಂಬಾಸಿಡರ್ ಕೆಳಗಿನ ತಟ್ಟೆ

ರಿಜ್ವಾನ್ ಮೊಣಕಾಲೂರಿ ತಗಡಿನ ತಟ್ಟೆಯನ್ನು ಅಂಬಾಸಿಡರ್ ಎಂಜಿನ್ ಕೆಳಗೆ ತಳ್ಳಿದ.

"ಅಬ್ಬಾನ ಇಲ್ಲೇ ಹೊತ್ಕೊಂಡು ಹೋಗ್ಬೇಕು ಮೇಷ್ಟ್ರೇ. ಹೊತ್ತವರು ಎಣ್ಣೆ ಮೇಲೆ ಕಾಲಿಟ್ರೆ ಜಾರ್ತಾರೆ."

ನರಸಿಂಹಮೂರ್ತಿ ಶಲ್ಯ ಸರಿಮಾಡಿಕೊಂಡರು. ಶಿವಮೊಗ್ಗದಿಂದ ಭದ್ರಾವತಿಯ ಈ ಸಾವಿನ ಮನೆಗೆ ಅವರು ಹೊರಟದ್ದೇ ಹೆಂಡತಿ ವಿಮಲಾ ಬಲವಂತಕ್ಕೆ. "ಹೊಸದಲ್ವಾ ಇದು?"

"ಅಬ್ಬಾ ಹೋದ ತಿಂಗಳು ಮಾಡಿದ್ರು, ನಿಮ್ಮ ಗಾಡಿಗೇ. ತಂದುಕೊಡೋಕೆ ಮುಜುಗರ ಪಟ್ರು."

"ಈ ಸಲವಾದ್ರೂ ಗೆರೆ ಸರಿಯಾಗಿ ಎಳೆದಿದಾನೋ ಇಲ್ವೋ."

ರಿಜ್ವಾನ್ ಎದ್ದು ಮೊಣಕಾಲಿನ ಮಣ್ಣು ಕೊಡವಿದ. ವಿಮಲಾ ತಲೆ ತಗ್ಗಿಸಿ ಮನೆಯೊಳಗೆ ಹೋದರು.

* * *

ಎರಡು ವರ್ಷದ ಹಿಂದೆ ರಿಜ್ವಾನನ ತಂದೆ, ಮೆಕ್ಯಾನಿಕ್ ಅಬ್ಬಾಸ್ ಅಲಿ, ಮೇಷ್ಟ್ರ ಮನೆ ಅಂಗಳದಲ್ಲೇ ಕೂತು ಮೊದಲ ತಟ್ಟೆ ಮಾಡಿದ್ದರು. ಎಣ್ಣೆ ಡಬ್ಬವನ್ನು ಉದ್ದಕ್ಕೆ ಕತ್ತರಿಸಿ, ಕೈ ಕೊಯ್ಯದಂತೆ ಅಂಚು ಮಡಚಿ ಬಡಿದು, ಒಳಗೆ ಕೆಂಪು ಗೆರೆ ಎಳೆದರು. ಎಂಜಿನ್ನಿನ ಕಡ್ಡಿ ಎಳೆದು ಎಣ್ಣೆ ನೋಡಿದರೆ ಕೈ ಮಸಿಯಾಗುತ್ತದೆಂದು ಮೇಷ್ಟ್ರು ಅದನ್ನು ಮುಟ್ಟುತ್ತಿರಲಿಲ್ಲ.

"ಭಾನುವಾರ ಭಾನುವಾರ ಇದನ್ನ ನೋಡಿ, ಸಾಕು. ಎಣ್ಣೆ ಗೆರೆ ಮುಟ್ಟಿದ್ರೆ ಗಾಡಿ ತೆಗೀಬೇಡಿ, ಫೋನ್ ಮಾಡಿ."

ವಿಮಲಾಗೆ ಇದನ್ನು ಯಾರೂ ಹೇಳಲಿಲ್ಲ. ಬಾಗಿಲ ಮುಂದೆ ಕೊಳಕು ತಟ್ಟೆ. ದಿನಾ ಬೆಳಿಗ್ಗೆ ರಂಗೋಲಿಗೆ ಮೊದಲು ಅದನ್ನೂ ತಿಕ್ಕಿ ತೊಳೆದು, ಮೇಷ್ಟ್ರು ಏಳುವಷ್ಟರಲ್ಲಿ ಕಾರಿನಡಿ ಇಡುತ್ತಿದ್ದರು. ಭಾನುವಾರ ನೋಡಿದರೆ ಎಣ್ಣೆ ಗೆರೆಯ ಹತ್ತಿರವೂ ಬಂದಿರುತ್ತಿರಲಿಲ್ಲ; ಸೋರುವುದು ಕಡಿಮೆಯಾಗಿದೆಯೆಂದು ಮೇಷ್ಟ್ರಿಗೆ ಖುಷಿ. ಒಂದು ದಿನ ಕುಂಸಿ ದಾಟಿದ ಮೇಲೆ ಎಣ್ಣೆ ಬತ್ತಿ ಎಂಜಿನ್ ಜಾಮ್ ಆಯಿತು.

ಮನೆಗೆ ಎಳೆದು ತಂದ ಕಾರಿನ ಮುಂದೆ ಅಬ್ಬಾಸರನ್ನು ಕರೆಸಿ, ಮೇಷ್ಟ್ರು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಒಗೆಯುವ ಕಲ್ಲಿನ ಮೇಲೆ ತಟ್ಟೆ ಬೋರಲಾಗಿ ಒಣಗುತ್ತಿತ್ತು. ಅಬ್ಬಾಸ್ ಅದನ್ನು ನೋಡಿದರು. ಬಾಗಿಲಲ್ಲಿ ನಿಂತ ವಿಮಲಾರನ್ನೂ ನೋಡಿದರು.

"ತಪ್ಪು ನಂದೇ ಮೇಷ್ಟ್ರೇ. ಗೆರೆ ಮೇಲಕ್ಕೆ ಎಳೆದುಬಿಟ್ಟೆ."

ಆ ಮಾತನ್ನು ಮೇಷ್ಟ್ರು ಸಿಕ್ಕವರಿಗೆಲ್ಲ ಹೇಳಿದರು. ಹಳೇ ಕಾರಿನವರು ಒಬ್ಬೊಬ್ಬರಾಗಿ ಅಬ್ಬಾಸರ ಶೆಡ್ಡಿಗೆ ಬರುವುದು ಬಿಟ್ಟರು. ವಿಮಲಾ ಬಾಯಿ ಬಿಡಲಿಲ್ಲ.

* * *

ಸಾವಿನ ಮನೆಯೊಳಗೆ ಅಬ್ಬಾಸರ ಹೆಂಡತಿ ಕರೀಮಾಬಿ ವಿಮಲಾರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮ ಸುದ್ದಿ ಹೇಳ್ಕೊಂಡು ನಗ್ತಿದ್ರು ಅಮ್ಮ. ಮೇಷ್ಟ್ರಮ್ಮ ನನ್ನ ತಗಡನ್ನ ಬೆಳ್ಳಿ ಮಾಡಿಟ್ಟಿದ್ರು ಅಂತ."

"ನಮ್ಮನೆಯವರಿಗೆ ಯಾಕೆ ಹೇಳ್ಲಿಲ್ಲ ಮತ್ತೆ?"

"ನಾನೂ ಕೇಳ್ದೆ. ಗಿರಾಕಿ ಹೋದ್ರೆ ಇನ್ನೊಬ್ಬ ಬರ್ತಾನೆ, ಆಯಮ್ಮ ಆ ಮನೇಲೇ ಇರ್ಬೇಕಲ್ಲ ಅಂದ್ರು." ಕರೀಮಾಬಿ ಗೋಡೆಗೆ ಒರಗಿದರು. "ಯಾರೂ ಬರ್ಲಿಲ್ಲ ಬಿಡಿ."

ಹೊರಗೆ ಶವವಿಟ್ಟ ಜನಾಜಾ ಎತ್ತುತ್ತಿದ್ದರು. ವಿಮಲಾ ಎದ್ದು ಕಾರಿನ ಹತ್ತಿರ ಹೋಗಿ ತಟ್ಟೆ ಹೊರಗೆಳೆದರು. ಅಭ್ಯಾಸದಂತೆ ಬೋರಲು ಹಾಕಿದಾಗ ತಳದಲ್ಲಿ ಅಕ್ಷರ ಕಂಡವು. ತೊಳೆಯುವವರಿಗಲ್ಲದೆ ಬೇರೆಯವರಿಗೆ ಕಾಣದ ಜಾಗ. ಅದೇ ಕೆಂಪು ಬಣ್ಣ: 'ಅಮ್ಮ, ತೊಳೀಬೇಡಿ.'

ತಟ್ಟೆಯನ್ನು ಹಾಗೇ ಗಂಡನ ಕೈಗಿಟ್ಟರು.

"ದಿನಾ ತೊಳೀತಿದ್ದೆ ನಾನು. ಗೆರೆ ಸರಿಯಾಗೇ ಇತ್ತು. ಅವರಿಗೆ ಗೊತ್ತಿತ್ತು."

ಮೇಷ್ಟ್ರು ಎರಡು ಸಲ ಓದಿದರು. ಅಂಚಿನಿಂದ ಎಣ್ಣೆ ಅವರ ಬೆರಳುಗಳಿಗೆ ಇಳಿಯಿತು.

"ದಾರಿ ಬಿಡಿ ಮೇಷ್ಟ್ರೇ," ಎಂದ ರಿಜ್ವಾನ್, ಹೆಗಲ ಮೇಲೆ ತಂದೆಯನ್ನು ಹೊತ್ತು.

"ಅಬ್ಬಾಸಲಿಯವರ ಗೆರೆ ಸರಿಯಾಗೇ ಇತ್ತು," ಎಂದರು ಮೇಷ್ಟ್ರು. ಈ ಸಲವೂ ಬೀದಿಗೆಲ್ಲ ಕೇಳಿಸಿತು. ತಟ್ಟೆಯನ್ನು ಬಾನೆಟ್ ಮೇಲಿಟ್ಟು ಮುಂದೆ ಬಂದರು. ರಿಜ್ವಾನ್ ಅವರ ಮುಖ ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟ.

ತಿರುವಿನಲ್ಲಿ ಅವರ ಹೆಗಲಿನ ಭಾರವನ್ನು ಇನ್ನೊಬ್ಬರು ತೆಗೆದುಕೊಂಡಾಗ, ಜನಾಜಾದ ಹಿಡಿಕೆಯ ಮೇಲೆ ಮೇಷ್ಟ್ರ ನಾಲ್ಕು ಬೆರಳಿನ ಗುರುತು ಕಪ್ಪಾಗಿ ಉಳಿದಿತ್ತು.