ಭಾವನ ಫೈರ್‌ವಾಲ್

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಭಾವನೇ ಮುಖ್ಯಸ್ಥ. ಅಲ್ಲಿನ ಭದ್ರತೆ ಪರೀಕ್ಷಿಸಿ ಸಹಿ ಹಾಕಲು ಬಂದವಳು ಅವನ ನಾದಿನಿ, ಹೆಂಡತಿಯ ತಂಗಿ. ಮನೆಯವಳೇ ಬಂದಳೆಂದು ಭಾವನಿಗೆ ಹಾಲು ಕುಡಿದಷ್ಟು ಸಂತೋಷ.

"ನೋಡು, ಫೈರ್‌ವಾಲ್! ಆ ಕಡೆ ಊರೆಲ್ಲ ನೋಡೋ ವೆಬ್ ಸರ್ವರ್, ಈ ಕಡೆ ರೋಗಿಗಳ ಫೈಲಿರೋ ಡೇಟಾಬೇಸ್. ಮಧ್ಯೆ ಇದು. ಒಂದು ನೊಣಾನೂ ನುಸುಳಲ್ಲ."

ಫೈರ್‌ವಾಲ್ ಪೆಟ್ಟಿಗೆಯ ಮುಂದೆ ಹಸಿರು ದೀಪಗಳು ಮಿನುಗುತ್ತಿದ್ದವು. ಬಗ್ಗಿ ಹಿಂದೆ ನೋಡಿದರೆ ಅದಕ್ಕಿದ್ದದ್ದು ಕರೆಂಟಿನ ವೈರೊಂದೇ. ಎರಡೂ ಸರ್ವರ್‌ಗಳ ಕೇಬಲ್ಲು ನೇರವಾಗಿ ಪಕ್ಕದ ಹಳೇ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಿತ್ತು. ಹೊರಗೆ ಕಾಯುವವರಿಗೆ ಕೊಟ್ಟ ವೈಫೈ ಕೂಡ ಅದಕ್ಕೇ. ಅವಳು ಫೈರ್‌ವಾಲಿನ ಪ್ಲಗ್ ಕಿತ್ತಳು. ವೆಬ್‌ಸೈಟ್ ಎಂದಿನಂತೆ ನಡೆಯುತ್ತಲೇ ಇತ್ತು.

"ಕಂಡ್ಯಾ! ಅದು ಸತ್ರೂ ನಮ್ಮ ಸೈಟ್ ಸಾಯಲ್ಲ!" ಭಾವ ತೊಡೆ ತಟ್ಟಿದ.

ಬಾಗಿಲು ಕಳುವಾದ ಮನೆಯಲ್ಲಿ ಕೂತು ಗಾಳಿ ಚೆನ್ನಾಗಿ ಬರುತ್ತಿದೆ ಎಂದು ಹಿಗ್ಗುವವನಿಗೆ ಏನು ಹೇಳುವುದು?

"ಭಾವ, ಸೈಟ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ ಅಂದ್ರೆ ಇದರ ಮೂಲಕ ಏನೂ ಹೋಗ್ತಾನೇ ಇಲ್ಲ. ಹೊರಗೆ ಕೂತವರು ಯಾರ ಫೈಲ್ ಬೇಕಾದ್ರೂ ಓದಬಹುದು."

"ನನಗೇ ಪಾಠನಾ? ನೀನು ಸಹಿ ಹಾಕದಿದ್ರೆ ನನ್ನ ಕೆಲಸ ಹೋಗುತ್ತೆ, ನಿಮ್ಮಕ್ಕ ಬೀದಿಗೆ ಬರ್ತಾಳೆ. ಅಷ್ಟು ಶೂರಳಾದ್ರೆ ಹೊರಗೆ ಕೂತು ನನ್ನ ಫೈಲೇ ತೆಗಿ, ನೋಡೋಣ!"

ತೆಗೆದಳು. ರೋಗಿಗಳು ಕಾಯುವ ಕುರ್ಚಿಯಲ್ಲಿ ಕೂತು, ಬಿಟ್ಟಿ ವೈಫೈ ಹಿಡಿದು, ಎರಡೇ ನಿಮಿಷದಲ್ಲಿ. ಡೇಟಾಬೇಸಿನ ಜೊತೆ ಕಂಪನಿ ಕೊಟ್ಟಿದ್ದ ಪಾಸ್‌ವರ್ಡನ್ನೂ ಈ ಪುಣ್ಯಾತ್ಮ ಬದಲಿಸಿರಲಿಲ್ಲ.

ಪರದೆಯ ಮೇಲೆ ಭಾವನ ಹೆಸರು, ಮೂರು ವರ್ಷ ಹಿಂದಿನ ತಾರೀಕು. "ಮಕ್ಕಳಾಗದಿರಲು ಕಾರಣ ಪತಿಯಲ್ಲಿದೆ. ಪತ್ನಿಗೆ ಚಿಕಿತ್ಸೆ ಅಗತ್ಯವಿಲ್ಲ. ಪತಿಗೆ ತಿಳಿಸಲಾಗಿದೆ."

ಅವಳ ಮೈ ಉರಿದುಹೋಯಿತು. ಈ ಮೂರು ವರ್ಷವೂ ಅಕ್ಕ ಮಾತ್ರೆ ನುಂಗಿದ್ದಳು, ಸೂಜಿ ಚುಚ್ಚಿಸಿಕೊಂಡಿದ್ದಳು, ಅತ್ತೆಯ ಬಾಯಲ್ಲಿ ಬಂಜೆ ಎನಿಸಿಕೊಂಡಿದ್ದಳು. ಅವಳನ್ನು ಡಾಕ್ಟರಿಂದ ಡಾಕ್ಟರಿಗೆ ಅಲೆಸಿದವನು ಈ ಮಹಾಶಯನೇ. ಅಲ್ಲೆಲ್ಲ ಅವಳ ಪಕ್ಕದಲ್ಲಿ ಕೂತು ನಿಟ್ಟುಸಿರು ಬೇರೆ ಬಿಡುತ್ತಿದ್ದ.

ಹಿಂದೆಯೇ ಬಂದು ನಿಂತಿದ್ದ ಭಾವ ಎರಡೂ ಅಂಗೈಯನ್ನು ಪರದೆಗೆ ಒತ್ತಿದ. "ಮುಚ್ಚು, ಮುಚ್ಚು! ಇದು ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

"ಇಲ್ಲಿಗೆ ಬರೋರೆಲ್ಲ ಹಾಗೇ ಅಂದ್ಕೊಂಡು ಬರ್ತಾರೆ ಭಾವ."

ವರದಿಯಲ್ಲಿ 'ಫೈರ್‌ವಾಲ್ ಇಲ್ಲ' ಎಂದು ಬರೆದು ಸಹಿ ಹಾಕಿದಳು. ಆಮೇಲೆ ಫೋನ್ ತೆಗೆದಳು.

"ಅಕ್ಕಾ, ಇವತ್ತಿನ ಮಾತ್ರೆ ನುಂಗಬೇಡ. ನಾನು ಬರ್ತಿದ್ದೀನಿ."