ಕಾಶಿಯಲ್ಲಿ ಬಿಟ್ಟ ಹಣ್ಣು

ಸಂಜೀವ ಗಂಗೆಯ ತಂಬಿಗೆಯ ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ಇಟ್ಟು ಇಕ್ಕಳದಿಂದ ಕುಟ್ಟುತ್ತಿದ್ದ. ಬೆಸುಗೆ ಬಿಡಲೊಲ್ಲದು. ಪೆರಂಬೂರಿನ ಆ ಫ್ಲ್ಯಾಟಿನ ಹಾಲಿನಲ್ಲಿ ಅವನ ಅಪ್ಪ ತಿರುಮಲ ರಾವ್ ದರ್ಭೆಯ ಮೇಲೆ ಮಲಗಿದ್ದರು. ಆಯುಷ್ಯವೆಲ್ಲ ರೈಲ್ವೆ ವರ್ಕ್‌ಷಾಪಿನಲ್ಲಿ ಸವೆಸಿದ ಮನುಷ್ಯ, ಬದುಕಿದ್ದಿದ್ದರೆ "ಕೊಡೋ ಇಲ್ಲಿ" ಎಂದು ಕಿತ್ತುಕೊಂಡು ತಾವೇ ತೆಗೆದುಬಿಡುತ್ತಿದ್ದರು.

"ಮೆಲ್ಲಗೆ, ಚೆಲ್ಲೀತು," ಎಂದರು ಆಚಾರ್ಯರು. "ಕಾಶಿಯಿಂದ ಸ್ವಂತ ಕೈಯಲ್ಲಿ ತಂದ ಗಂಗೆ. ಅದೇ ಕಡೆಗೆ ಬಾಯಿಗೆ ಬೀಳಬೇಕು ಅಂದ್ರೆ ಪುಣ್ಯ ಮಾಡಿರಬೇಕು."

ತಲೆಯ ಬಳಿ ಕೂತಿದ್ದ ಹೆಂಡತಿ ಭೀಮಾಬಾಯಿ ಹೌದೆಂದು ತಲೆಯಾಡಿಸಿದರು. ಬೆಳಗಿನಿಂದ ಅವರಿಗಿದ್ದ ಒಂದೇ ಸಮಾಧಾನ ಅದು.

"ಅತ್ತೆ, ಹಾರ ಹಾಕೋಕೆ ಒಂದು ಫೋಟೋ ಬೇಕಲ್ಲ," ಎಂದಳು ಸೊಸೆ ಸುಮೇಧಾ. "ಎಲ್ಲಾದ್ರಲ್ಲೂ ಮಾವ ಸಿಟ್ಟು ಮಾಡ್ಕೊಂಡಿದಾರೆ."

"ನನ್ ಹತ್ರ ನಗ್ತಿರೋದು ಇದೆ, ಇರಮ್ಮ," ಎಂದರು ಬಾಗಿಲ ಬಳಿ ನಿಂತಿದ್ದ ಸುಜಯೀಂದ್ರ. ವರ್ಕ್‌ಷಾಪಿನ ಕಾಲದ ಗೆಳೆಯ. ಕಾಶಿಗೆ ಜೊತೆಯಾಗಿ ಹೋಗಿದ್ದವರೂ ಅವರೇ. ಫೋಟೋವನ್ನು ಮೊಮ್ಮಗಳು ಗಗನಾಳ ಫೋನಿಗೆ ಕಳಿಸಿದರು. ಮುಖವಷ್ಟೇ ಉಳಿಯುವಂತೆ ಕತ್ತರಿಸಲು ಹೋದವಳು ಬೆರಳು ತಡೆದಳು.

"ಪಾಟಿ, ತಾತಾ ರೋಮ್‌ಗೆ ಪೋಯಿರುಕ್ಕಾರಾ? ನೀ ಸೊಲ್ಲವೇ ಇಲ್ಲೆ!" ತಾತ ರೋಮಿಗೆ ಹೋಗಿದ್ದನ್ನು ನೀನು ಹೇಳಲೇ ಇಲ್ಲವಲ್ಲ ಎಂದು ಅಜ್ಜಿಯ ಕಿವಿಯಲ್ಲಿ ಕೇಳಿದಳು. ಆ ಹುಡುಗಿಗೆ ಕನ್ನಡ ಪೂರಾ ತಿಳಿಯುತ್ತದೆ, ನಾಲಿಗೆ ಮಾತ್ರ ತಮಿಳಿನದು.

ಭೀಮಾಬಾಯಿ ಕನ್ನಡಕ ಹಾಕಿಕೊಂಡು ನೋಡಿದರು. ತಿರುಮಲ ರಾಯರು ಬಾಯಿ ತುಂಬ ನಗುತ್ತಿದ್ದಾರೆ. ಹಿಂದೆ ಮುರಿದ ಗೋಡೆಗಳ ನಡುವೆ ಮೂರು ಎತ್ತರದ ಕಂಬ, ಅವುಗಳ ತಲೆಯ ಮೇಲೆ ಒಂದು ತುಂಡು ಕಲ್ಲು. ಅದರಾಚೆಗೆ ರಸ್ತೆ, ರಸ್ತೆಯಲ್ಲಿ ಪ್ರವಾಸಿಗರ ಬಸ್ಸು. ಮೈಮೇಲೆ ಕಂದು ಸ್ವೆಟರ್. ಕಾಶಿಯ ಚಳಿಗೆಂದು ಭೀಮಾಬಾಯಿ ಹೆಣೆದುಕೊಟ್ಟ ಸ್ವೆಟರ್.

ಅದು ಯಾವ ಜಾಗವೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

*

ಆ ಮೂರು ಕಂಬಗಳನ್ನು ಭೀಮಾಬಾಯಿ ವರ್ಷವರ್ಷವೂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದಿದ್ದರು. ಅವರು ಚರಿತ್ರೆಯ ಟೀಚರ್. ರೋಮಿನ ಪಾಠ ಬಂದರೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ.

"ಒಂದ್ಸಲ ಆ ಕಂಬದ ಬುಡದಲ್ಲಿ ನಿಂತು ಬರಬೇಕು ರೀ," ಎಂದಿದ್ದರು ಗಂಡನಿಗೆ. "ಸುತ್ತ ಬಸ್ಸು, ಹೋಟ್ಲು, ಗಲಾಟೆ. ಮಧ್ಯೆ ಅವು ಹಂಗೇ ನಿಂತಿವೆಯಂತೆ."

"ಬಿದ್ದ ಕಲ್ಲು ನೋಡೋಕೆ ಸಮುದ್ರ ದಾಟ್ಬೇಕಾ? ಅಮ್ಮನಿಗೆ ಗೊತ್ತಾದ್ರೆ ಊಟ ಬಿಡ್ತಾಳೆ. ಮಹಾಬಲಿಪುರಕ್ಕೆ ಕರಕೊಂಡ್ಹೋಗ್ತೀನಿ, ಬಿಡು."

ಮಹಾಬಲಿಪುರಕ್ಕೂ ಹೋಗಲಿಲ್ಲ. ಅತ್ತೆ ಹಾಸಿಗೆ ಹಿಡಿದರು. ರಿಟೈರಾದ ವರ್ಷದ ಮಾಘದಲ್ಲಿ ರಾಯರು ಕಾಶಿಗೆಂದು ಹೊರಟಾಗ ಭೀಮಾಬಾಯಿ ಅತ್ತೆಯ ಬೆಡ್‌ಪ್ಯಾನ್ ತೊಳೆಯುತ್ತ ಮನೆಯಲ್ಲೇ ಉಳಿದರು. ರಾಯರು ಎರಡು ತಂಬಿಗೆ ಗಂಗೆಯೊಡನೆ ಮರಳಿದರು. ಸಮಾರಾಧನೆಯ ದಿನ ಬಾಗಿಲಲ್ಲೇ ಯಾರೋ ಹಿರಿಯರು ಕೇಳಿದರು, "ಏನು ಬಿಟ್ಟು ಬಂದ್ಯೋ?" ಕಾಶಿ ಯಾತ್ರೆಗೆ ಹೋದವರು ಇಷ್ಟದ ಹಣ್ಣೊಂದನ್ನು ಜನ್ಮಕ್ಕೆ ಬಿಟ್ಟು ಬರುವುದು ಪದ್ಧತಿ. ರಾಯರು ತಬ್ಬಿಬ್ಬಾದರು, ಕತ್ತೆತ್ತಿ ಬಾಗಿಲ ತೋರಣ ನೋಡಿದರು. "ಮಾವಿನಹಣ್ಣು," ಎಂದರು.

ಭೀಮಾಬಾಯಿಗೆ ಕಣ್ಣು ತುಂಬಿತು. ಮಾವೆಂದರೆ ಪ್ರಾಣ ಬಿಡುವ ಮನುಷ್ಯ! ಗಂಡ ತಿನ್ನದ್ದು ತನಗೇಕೆಂದು ಅವರೂ ಬಿಟ್ಟರು. ಅತ್ತೆ ಹೋಗುವಾಗ ಒಂದು ತಂಬಿಗೆ ಒಡೆದರು. ರಾಯರು ಅಳುತ್ತ ಅಮ್ಮನ ಬಾಯಿಗೆ ಗಂಗೆ ಬಿಟ್ಟಿದ್ದರು.

*

"ಸುಜಯೀಂದ್ರ, ಸ್ವಲ್ಪ ಬಾಪ್ಪಾ," ಎಂದು ಭೀಮಾಬಾಯಿ ಅವರನ್ನು ಅಡುಗೆಮನೆಗೆ ಕರೆದರು. "ನೀವಿಬ್ರೂ ಹೋಗಿದ್ದು ಕಾಶಿಗೆ ಅಲ್ವಾ?"

ಸುಜಯೀಂದ್ರರ ಮುಖ ಬಿಳಿಚಿತು. ಗೆಳೆಯನ ಹೆಂಡತಿಯನ್ನು ಅವರು ಅತ್ತಿಗೆ ಎನ್ನುವುದಕ್ಕೆ ತಮಿಳರಂತೆ ಮನ್ನಿ ಎಂದೇ ಕರೆಯುತ್ತಿದ್ದದ್ದು. "ಮನ್ನಿ... ಅಮ್ಮನಿಗೆ ಮಾತ್ರ ಸುಳ್ಳು, ಮನ್ನಿಗೆ ಎಲ್ಲಾ ಗೊತ್ತು ಅಂದಿದ್ನಲ್ಲ ಅವನು!"

"ನನ್ನ ಯಾಕೆ ಕರೀಲಿಲ್ಲ?"

"ಕರಕೊಂಡು ಬಾರೋ ಅಂದೆ. ಗುರುರಾಯರ ಆಣೆಗೂ ಅಂದೆ, ಮನ್ನಿ. ಆ ಹಾಳು ಕಲ್ಲು ನೋಡೋಕೆ ನಾನು ಬರಲ್ಲ ಅಂತ ನೀವೇ ಅಂದ್ರಂತೆ."

"ಗಂಗೆ?"

"ಇಲ್ಲೇ, ತಿರುವಲ್ಲಿಕ್ಕೇಣಿ. ಗುಡಿ ಬೀದಿ ಅಂಗಡೀದು. ಏರ್‌ಪೋರ್ಟಿಂದ ನೇರ ಅಲ್ಲಿಗೇ ಹೋದ್ವಿ." ಸುಜಯೀಂದ್ರ ಬೆವರು ಒರೆಸಿಕೊಂಡರು. "ಅಸಲಿ ಗಂಗೇನೇ ಅಂತ ಅಂಗಡಿಯವನು ಸತ್ಯ ಮಾಡಿ ಹೇಳ್ದ."

ಭೀಮಾಬಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಹೋಗಿದ್ದರೆ ಹೋಗಿದ್ದರು, ಹಾಳಾಗಲಿ. ತಾನು ಆಡದ ಮಾತನ್ನು ತನ್ನ ಬಾಯಿಗೆ ಅಂಟಿಸಿ ಹೋಗಿದ್ದರಲ್ಲ! ತಾನು ಬರೆದ ಕಂಬದ ಬುಡದಲ್ಲಿ, ತಾನು ಹೆಣೆದ ಸ್ವೆಟರ್ ತೊಟ್ಟು, ತನ್ನನ್ನು ಬಿಟ್ಟು ಅಷ್ಟು ನಗುವುದು ಹೇಗೆ ಸಾಧ್ಯವಾಯಿತು ಇವರಿಗೆ?

"ಅಮ್ಮಾ, ಓಪನ್ ಆಯ್ತು!" ಎಂದು ಹಾಲಿನಿಂದ ಸಂಜೀವ ಕೂಗಿದ.

ಎಲ್ಲರೂ ದಾರಿ ಬಿಟ್ಟರು. ಆಚಾರ್ಯರು ತಂಬಿಗೆಯನ್ನೂ ಉದ್ಧರಣೆಯನ್ನೂ ಭೀಮಾಬಾಯಿಯ ಕೈಗಿತ್ತರು. ಇದು ಗಂಗೆಯಲ್ಲ ಎಂದು ಒಂದು ಮಾತು ಹೇಳಿದರೆ ಸಾಕು, ಗಂಡನ ಮಾನ ಈ ಜನರೆದುರೇ ಹರಾಜು. ಬಾಗಿಲ ಮೂಲೆಯಲ್ಲಿ ಸುಜಯೀಂದ್ರ ಕಣ್ಣು ಮುಚ್ಚಿಕೊಂಡರು. ಬಾಯಿ ತೆರೆದ ಭೀಮಾಬಾಯಿ ಮಗನ ಮುಖ ನೋಡಿದರು. ತಂಬಿಗೆ ಒಡೆದ ಸಂಭ್ರಮಕ್ಕೋ ದುಃಖಕ್ಕೋ ಅವನ ತುಟಿ ನಡುಗುತ್ತಿತ್ತು.

ಅವರು ಉದ್ಧರಣೆಯನ್ನು ಕೆಳಗಿಟ್ಟು ತಂಬಿಗೆಯನ್ನೇ ಬಗ್ಗಿಸಿದರು. ನೀರು ರಾಯರ ತುಟಿ ತುಂಬಿ, ಗಲ್ಲದ ಮೇಲೆ ಹರಿದು, ಹೊಸ ಧೋತರದ ತನಕ ಇಳಿಯಿತು.

"ಒಂದು ಉದ್ಧರಣೆ ಸಾಕಮ್ಮ," ಎಂದರು ಆಚಾರ್ಯರು.

"ಇರಲಿ. ಅವರು ತಂದಿದ್ದು, ಅವರೇ ಕುಡೀಲಿ."

ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಎಂಥ ಪ್ರೀತಿ, ಎಂದು ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು.

ಮಧ್ಯಾಹ್ನ ಗಂಡಸರು ದೇಹವನ್ನು ತೆಗೆದುಕೊಂಡು ಹೋದರು. ನೆಲ ತೊಳೆದದ್ದಾಯಿತು, ಹೆಂಗಸರು ಒಬ್ಬೊಬ್ಬರಾಗಿ ಸ್ನಾನ ಮಾಡಿದರು. ಗಗನಾ ಪ್ರಿಂಟ್ ಹಾಕಿಸಿ ತಂದ ಫೋಟೋ ಸ್ಟೂಲಿನ ಮೇಲೆ ಮಲ್ಲಿಗೆ ಹಾರದೊಳಗೆ ನಗುತ್ತಿತ್ತು. ಕತ್ತರಿಸಿದ್ದರೂ ಭುಜದ ಹಿಂದೆ ಒಂದು ಕಂಬದ ಅಂಚು ಉಳಿದುಕೊಂಡಿತ್ತು. ಮುಂದೆ ದೀಪ.

ತಲೆಗೆ ನೀರು ಹಾಕಿಕೊಂಡು ಬಂದ ಭೀಮಾಬಾಯಿ ಸೀದಾ ಅಡುಗೆಮನೆಗೆ ಹೋದರು. ಮಗಳಿಗೆಂದು ಸುಮೇಧಾ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದ ಬಂಗನಪಳ್ಳಿ ಮಾವು ತೆಗೆದರು. ತೊಳೆಯಲಿಲ್ಲ, ಹೆಚ್ಚಲಿಲ್ಲ. ದೀಪದ ಮುಂದೆ ನೆಲದ ಮೇಲೆ ಕೂತು ಹಲ್ಲಿನಿಂದಲೇ ಸಿಪ್ಪೆ ಸುಲಿದು ತಿನ್ನತೊಡಗಿದರು. ರಸ ಮೊಣಕೈವರೆಗೆ ಇಳಿಯಿತು.

"ಅತ್ತೆ..." ಎಂದು ಸುಮೇಧಾ ಬಾಗಿಲಲ್ಲೇ ನಿಂತುಬಿಟ್ಟಳು.

ಭೀಮಾಬಾಯಿ ತಿರುಗಿ ನೋಡಲಿಲ್ಲ. ನಾರು ಬಿಳಿಚುವ ತನಕ ಗೊರಟವನ್ನು ಚೀಪಿ, ಅದನ್ನು ದೀಪದ ಪಕ್ಕದಲ್ಲಿ, ನಗುವ ಮುಖಕ್ಕೆ ನೇರ ಎದುರಾಗಿ ಇಟ್ಟರು.