ಸಿಡ್ನಿ ತಲುಪುವ ತನಕ

ಮೊದಲು ಪೂರ್ತಿ ಕೇಳಿಬಿಡಿ, ಆಮೇಲೆ ಬೇಕಾದರೆ ರೇಣುಕಪ್ರಸಾದನನ್ನು ಬೈಯಿರಿ. ಬೆಳಿಗ್ಗೆ ಅವನು ಪೊರಕೆಗೆ ಕೈ ಹಾಕಿದ್ದೇ ತಡ, ಅವ್ವ ಕಾಶಮ್ಮ ಒಳಗಿನಿಂದಲೇ ಗದರಿದಳು.

"ಮುಟ್ಬ್ಯಾಡ ಕಣೋ. ಓಂಕಾರಿ ತಲುಪ್ಲಿ, ಆಮೇಲ್ ಗುಡಿಸ್ದ್ರಾಯ್ತು."

ಊರಿಗೆ ಹೋದವರು ತಲುಪುವ ತನಕ ಮನೆ ಗುಡಿಸಬಾರದು. ಗುಡಿಸಿದರೆ ಹೋದವರನ್ನೇ ಗುಡಿಸಿಹಾಕಿದಂತೆ. ಎಸ್ಸೆಸ್ಸೆಲ್ಸಿ ದಾಟದ ತಮ್ಮ ಓಂಕಾರೇಶ, ವೀರಗಾಸೆ ತಂಡದ ಜೊತೆ ಇವತ್ತು ಬೆಳಿಗ್ಗೆ ಸಿಡ್ನಿಗೆ ಹಾರಿದ್ದ. ತರೀಕೆರೆ ಕಾಲೇಜಿನಲ್ಲಿ ವರ್ಷಗಟ್ಟಲೆ ಭೂಗೋಳ ಕಲಿಸಿದ ಅಣ್ಣ ವಿಮಾನದ ಮೆಟ್ಟಿಲನ್ನೂ ತುಳಿದಿರಲಿಲ್ಲ.

"ಎಷ್ಟು ದೂರ ಆಯ್ತದೆ ಮೇಷ್ಟ್ರೇ?" ಪಕ್ಕದ ಮನೆಯ ಮುದ್ದಪ್ಪ ಮಂಡಕ್ಕಿ ಮುಕ್ಕುತ್ತ ಕೇಳಿದ. ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು.

"ಬೆಂಗ್ಳೂರಿಂದ ಒಂಬತ್ತು ಸಾವಿರ ಕಿಲೋಮೀಟರ್ ಮೇಲೆ. ಹನ್ನೊಂದು ಹನ್ನೆರಡು ಗಂಟೆ."

"ಅಷ್ಟೇಯಾ? ನೀವು ಬೀದರ್‌ಗೆ ಕೆಲಸಕ್ ಹೋದಾಗ್ಲೂ ಬಸ್ನಾಗೆ ಅಷ್ಟೇ ಹಿಡೀತಲ್ಲ."

ಬೀದರ್. ಮೊದಲ ನೌಕರಿ. ಅಂಕಪಟ್ಟಿ ಮರೆತು ಅಜ್ಜಂಪುರದ ಬಸ್‌ಸ್ಟ್ಯಾಂಡಿನಿಂದ ಓಡಿಬಂದಾಗ ಅವ್ವ ಆಗಲೇ ನಡುಮನೆ ಗುಡಿಸಿ ಮುಗಿಸಿದ್ದಳು. "ಏನ್ ಮರ್ತೆ?" ಎಂದಿದ್ದಳು, ಅಷ್ಟೇ.

ಮುದ್ದಪ್ಪ ಎದ್ದುಹೋದ ಮೇಲೆ ರೇಣುಕಪ್ರಸಾದ ಅವ್ವನನ್ನು ಕೇಳಿದ, "ನಾನು ಬೀದರ್‌ಗೆ ಹೋದಾಗ ಗುಡಿಸಿದ್ಯಲ್ಲವ್ವ?"

"ನಿಂಗೇನಾಯ್ತದೆ ಬಿಡು. ನೀನು ಓದ್ದೋನು."

ಹೆಂಡತಿ ಅಶ್ವಿನಿ ಅವನ ಮೊಬೈಲಿನಲ್ಲಿ, ವಿಮಾನ ಎಲ್ಲಿದೆಯೆಂದು ತೋರಿಸುವ ನಕ್ಷೆಯ ಮೇಲೆ, ಪುಟ್ಟ ಹಳದಿ ವಿಮಾನವನ್ನು ಹುಡುಕುತ್ತಿದ್ದಳು. "ನೋಡ್ರೀ, ನಿಮ್ ತಮ್ಮ ಸಮುದ್ರದ್ ಮೇಲವ್ನೆ. ಕಿಟಕಿ ಸೀಟಂತೆ ಕಣ್ರೀ."

ಪಕ್ಕದಲ್ಲೇ ಕೂತ ಗಂಡನನ್ನು ಅವಳು ಹಾಗೆ ಹುಡುಕಿದ್ದು ಅವನಿಗೆ ನೆನಪಿಲ್ಲ.

ಮಧ್ಯಾಹ್ನ ಅಶ್ವಿನಿ ಸಂತೆಗೆ ಹೋದಳು. ಅವ್ವ ಊಟ ಮುಟ್ಟದೆ, ಸುದ್ದಿಗೆ ಕಾಯುತ್ತ ಗೋಡೆಗೊರಗಿ ತೂಕಡಿಸಿದಳು. ನಡುಮನೆ ತುಂಬ ಮಂಡಕ್ಕಿ, ವಿಭೂತಿ ಪುಡಿ, ತಮ್ಮನ ಚಪ್ಪಲಿಯ ಮಣ್ಣು.

ಗುಡಿಸಿದರೆ ಏನೂ ಆಗದು. ತರಗತಿಯಲ್ಲಿ ಇಂಥದ್ದಕ್ಕೆಲ್ಲ ನಕ್ಕವನು ಅವನು. ಆದರೆ ಏನೂ ಆಗದು ಎನ್ನುವುದು ಅಷ್ಟು ಖಾತ್ರಿಯಿದ್ದರೆ, ಸದ್ದಾಗದಂತೆ ಗುಡಿಸುತ್ತಿರುವುದೇಕೆ? ಮೂಲೆಯಿಂದ ಶುರು ಮಾಡಿ, ಬಾಗಿಲ ಕಡೆ ಹೋದ ಹೆಜ್ಜೆ ಗುರುತುಗಳವರೆಗೆ ಒಂದನ್ನೂ ಬಿಡಲಿಲ್ಲ. ಏನಾದರೂ ಆಗಲಿ ಎಂದುಕೊಂಡನೇ? ಆ ಯೋಚನೆಯನ್ನೂ ಪೊರಕೆಯ ತುದಿಯಿಂದ ಮುಂದಕ್ಕೆ ತಳ್ಳಿದ.

ಎಲ್ಲವನ್ನೂ ಮೊರಕ್ಕೆ ತುಂಬಿಕೊಂಡು ಎದ್ದಾಗ ಅವ್ವ ಕಣ್ಣು ಬಿಟ್ಟಿದ್ದಳು. ನೆಲ ನೋಡಿದಳು. ಮುಖ ಅರಳಿತು.

"ತಲುಪಿದ್ನಾ?"

ಜೇಬಿನ ಮೊಬೈಲಿನಲ್ಲಿ ವಿಮಾನ ಇನ್ನೂ ನಡುನೀರಿನ ಮೇಲಿತ್ತು.

"ಹ್ಞೂಂ."

"ನೀನೇ ಗುಡಿಸಿದ್ಯಾ, ನನ್ನಪ್ಪ. ಕಸ ಚೆಲ್ಲಿ ಬಾ, ಇಬ್ರೂ ಕೂತು ಉಣ್ಣಾನ."

ನನ್ನಪ್ಪ. ಆ ಮಾತು ಈ ಮನೆಯಲ್ಲಿ ಇಷ್ಟು ದಿನ ಓಂಕಾರಿಯೊಬ್ಬನದು. ಅವ್ವ ತಟ್ಟೆ ಹಾಕುವ ಸದ್ದು ಕೇಳಿಸಿತು. ಎರಡು ತಟ್ಟೆ. ರೇಣುಕಪ್ರಸಾದ ಹೊಸ್ತಿಲ ಮೇಲೆ ನಿಂತ. ಮೊರದಲ್ಲಿ ಒಂದು ಹಿಡಿ ಧೂಳು, ಉಸಿರಾಡಿದರೆ ಹಾರುವಷ್ಟು ಹಗುರ. ಹೊರಗೆ ಚೆಲ್ಲಲು ಕೈ ಏಳಲಿಲ್ಲ. ಒಳಗೆ ಮತ್ತೆ ಹರಡಿದರೆ ಸುಳ್ಳು ಬಯಲಾಗಿ ತಟ್ಟೆ ಎರಡಿರುವುದಿಲ್ಲ. ಅವನು ಉಸಿರು ಬಿಗಿಹಿಡಿದು ನಿಂತೇ ಇದ್ದ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?